ನಾನು ನೂತ ಉಡುದಾರ

ಪಾಂಡವಪುರದ ನಮ್ಮ ಶಾಲೆಯಲ್ಲಿ ಒಂದು ಕಬ್ಬಿಣದ ಬೀರು ಇತ್ತು. ಅದರ ಬೀಗದ ಕೈ ಎಲ್ಲಿದೆಯೆಂದು ನಾನು ಅಲ್ಲಿಗೆ ಬಂದ ದಿನದಿಂದಲೂ ಯಾರಿಗೂ ಗೊತ್ತಿರಲಿಲ್ಲ. ಹೋದ ವರ್ಷ ಸುಣ್ಣ ಹೊಡೆಸಲು ಅದನ್ನು ಗೋಡೆಯಿಂದ ಈಚೆಗೆ ಎಳೆದಾಗ ಬಾಗಿಲೇ ಕಳಚಿ ನನ್ನ ಕಾಲ ಬಳಿ ಬಿತ್ತು. ಒಳಗೆ ಒಂದು ಒಡೆದ ಗ್ಲೋಬು, ಜಿರಲೆ ತಿಂದ ಹಾಜರಿ ಪುಸ್ತಕಗಳು, ಮತ್ತೆ ಒಂದು ರಟ್ಟಿನ ಪೆಟ್ಟಿಗೆ ತುಂಬ ತಕಲಿಗಳು. ಹಿಂದೆ ಶಾಲೆಗಳಲ್ಲಿ ನೂಲು ತೆಗೆಯುವುದನ್ನೂ ಒಂದು ಪಾಠವಾಗಿ ಕಲಿಸುತ್ತಿದ್ದರಲ್ಲ, ಆ ಕಾಲದವು. ಗೇಣುದ್ದದ ಸಣ್ಣ ಕಬ್ಬಿಣದ ಕಡ್ಡಿ, ಕೆಳಗೆ ನಾಲ್ಕಾಣೆಯಗಲದ ಹಿತ್ತಾಳೆ ಬಿಲ್ಲೆ, ಮೇಲ್ತುದಿಯಲ್ಲಿ ಪುಟ್ಟ ಕೊಕ್ಕೆ. ಅಷ್ಟೇ.

"ಗುಜರಿಗೆ ಹಾಕ್ಬಿಡಿ ಸಾರ್" ಎಂದರು ನಮ್ಮ ಮುಖ್ಯೋಪಾಧ್ಯಾಯಿನಿ.

ನಾನು ಅವರನ್ನು ಕೇಳಿಯೇ ಒಂದನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ. ಸ್ಕೂಟರ್ ಹತ್ತುವಾಗ ಅದು ತೊಡೆಗೆ ಚುಚ್ಚಿತು. ಬುದ್ಧಿವಂತನಾಗಿದ್ದರೆ ಅಲ್ಲೇ ವಾಪಸು ಇಟ್ಟು ಬರುತ್ತಿದ್ದೆ.

ನಾನು ಗಣಿತದ ಮೇಷ್ಟ್ರು. ಇನ್ನು ಮೂರು ವರ್ಷಕ್ಕೆ ನಿವೃತ್ತಿ. ಯಾವುದನ್ನೇ ಆಗಲಿ ಮೂರು ಹೆಜ್ಜೆಗಳಲ್ಲಿ ಬಿಡಿಸಬಹುದೆಂಬ ಒಂದು ರೋಗ ನನಗಿದೆ. ಮನೆಗೆ ಬಂದು ಮೊಬೈಲಿನಲ್ಲಿ ನೂಲುವ ಒಂದು ವಿಡಿಯೋ ನೋಡಿದೆ. ಎಳೆ, ತಿರುಗಿಸು, ಸುತ್ತು. ಮೂರೇ ಹೆಜ್ಜೆ! ಇಷ್ಟನ್ನು ಒಂದು ಪಾಠ ಮಾಡಿ ಮಕ್ಕಳ ತಲೆ ತಿಂದರಲ್ಲ ಎಂದುಕೊಂಡೆ.

ಅದೇ ಸಂಜೆ ಬೂಕನಕೆರೆಯಿಂದ ನಮ್ಮಕ್ಕನ ಫೋನು ಬಂತು. ಅಕ್ಕನ ಮಗಳಿಗೆ ಗಂಡುಮಗು ಹುಟ್ಟಿ ಎರಡು ವಾರವಾಗಿತ್ತು.

"ಲೇ, ಪ್ಯಾಟೇಲಿ ತಂದ ಉಡುದಾರ ಅದ್ಯಾವ್ದೋ ನೈಲಾನ್ದು ಕಣ್ಲಾ. ಕೂಸಿನ ಸೊಂಟದ ಸುತ್ತ ಕೆಂಪುಗೆ ಗೆರೆ ಬಂದ್ಬುಟ್ಟದೆ. ತೆಗ್ದು ಬಿಸಾಕ್ದೆ. ಅತ್ತೀದು ಎಲ್ಲಾದ್ರೂ ಸಿಕ್ಕುದ್ರೆ ನಾಮಕರಣಕ್ಕೆ ತಕಂಬಾ."

"ತರೋದೇನು, ನಾನೇ ನೂತು ಕೊಡ್ತೀನಿ ಬುಡು" ಎಂದೆ.

ಅಕ್ಕ ಕೇಳಿದಳು: "ನೀನಾ? ಪಂಚೆ ನಿಲ್ಲದೆ ಬೆಲ್ಟ್ ಬಿಗ್ಕಳೋನು?"

ಇಂಥ ಮಾತಿನ ಮೇಲೆ ಹಿಂದೆ ಸರಿಯುವುದು ಹೇಗೆ? ನಾಮಕರಣಕ್ಕೆ ನಾಲ್ಕೂವರೆ ತಿಂಗಳಿತ್ತು. ಬೇಕಾಗಿದ್ದುದು ಮಗುವಿನ ಸೊಂಟ ಸುತ್ತುವಷ್ಟು ದಾರ. ಅಕ್ಕನ ಮಗಳಿಗೆ ಹೇಳಿ, ಮಗುವಿನ ಪಕ್ಕದಲ್ಲಿ ಪೌಡರ್ ಡಬ್ಬಿ ನಿಲ್ಲಿಸಿ ಒಂದು ಫೋಟೋ ತರಿಸಿಕೊಂಡೆ. ಅದೇ ಡಬ್ಬಿ ನಮ್ಮ ಮನೆಯಲ್ಲೂ ಇತ್ತು. ಅದರ ಎತ್ತರ ಅಳೆದು, ಅದರಿಂದ ಮಗುವಿನ ಹೊಟ್ಟೆಯ ಅಗಲ ಲೆಕ್ಕ ಹಾಕಿ, ಅದನ್ನು ಪೈಯಿಂದ ಗುಣಿಸಿ, ಗಂಟಿಗೆ ನಾಲ್ಕು ಬೆರಳು ಸೇರಿಸಿ, ಉತ್ತರವನ್ನು ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಟ್ಟೆ. ನನ್ನ ಹೆಂಡತಿ ಅದನ್ನು ಹಾಲಿನ ಲೆಕ್ಕವೆಂದು ತಿಳಿದಳು.

ಮರುದಿನ ಔಷಧಿ ಅಂಗಡಿಯಿಂದ ಗಾಯಕ್ಕೆ ಹಚ್ಚುವ ಹತ್ತಿಯ ಒಂದು ಸುರುಳಿ ತಂದೆ. ಹತ್ತಿ ಎಂದರೆ ಹತ್ತಿ ತಾನೇ? ಒಂದು ತುದಿಯನ್ನು ಕೊಕ್ಕೆಗೆ ಸಿಕ್ಕಿಸಿ, ತಕಲಿಯನ್ನು ಬುಗುರಿಯಂತೆ ತಿರುಗಿಸಿ ಗಾಳಿಯಲ್ಲಿ ಬಿಟ್ಟೆ. ಟಣ್ ಎಂದು ನೆಲಕ್ಕೆ ಬಿತ್ತು. ಎತ್ತಿ ಮತ್ತೆ ಸಿಕ್ಕಿಸಿದೆ. ಟಣ್. ಎಷ್ಟು ಸಲ ಬಿತ್ತೆಂದು ಅರವತ್ತರವರೆಗೆ ಎಣಿಸಿ ಆಮೇಲೆ ಬಿಟ್ಟುಬಿಟ್ಟೆ.

"ರೀ, ಪಕ್ಕದ್ಮನೆಯವ್ರು ಕೇಳ್ತಾವ್ರೆ" ಎಂದಳು ಹೆಂಡತಿ, ಹಿತ್ತಲಿನಿಂದ ಒಳಗೆ ಬಂದು. "ಬೆಳಗ್ಗೆಯಿಂದ ನಿಮ್ಮನೇಲಿ ಅದ್ಯಾವ ದೇವ್ರಿಗೆ ಗಂಟೆ ಬಾರಿಸ್ತಾ ಇದ್ದೀರಿ ಅಂತ."

ಒಂದು ವಾರ ಕಷ್ಟಪಟ್ಟ ಮೇಲೆ ನನ್ನ ಬಳಿ ಇಪ್ಪತ್ತೈದು ತುಂಡುಗಳಿದ್ದವು. ಒಂದೊಂದೂ ಬೆರಳುದ್ದ. ಎರಡೂ ತುದಿ ಸಣ್ಣ, ನಡುವೆ ದಪ್ಪ, ಹೊಟ್ಟೆ ತುಂಬ ತಿಂದ ಹಲ್ಲಿಮರಿಗಳ ಹಾಗೆ. ಆದರೂ ನನ್ನ ಕೈಯಿಂದ ಹುಟ್ಟಿದವಲ್ಲ! ಒಂದು ಸ್ಟೀಲ್ ಡಬ್ಬಿಯಲ್ಲಿ ಜೋಪಾನ ಮಾಡಿದ್ದೆ. ಶುಕ್ರವಾರ ಶಾಲೆಯಿಂದ ಬಂದು ಕೈಕಾಲು ತೊಳೆದು ದೇವರಿಗೆ ಕೈ ಮುಗಿಯಲು ಹೋದರೆ, ಎರಡು ದೀಪಗಳಲ್ಲಿ ನನ್ನ ನೂಲು ಉರಿಯುತ್ತಿತ್ತು.

"ಚೆನ್ನಾಗಿ ಉರೀತವೆ ಕಣ್ರೀ" ಎಂದಳು ಹೆಂಡತಿ, ನಿಜವಾದ ಮೆಚ್ಚುಗೆಯಿಂದ. "ಬತ್ತಿ ಹೊಸೆಯೋದು ಯಾವಾಗ ಕಲಿತ್ರಿ? ಇನ್ನೊಂದಿಪ್ಪತ್ತು ಮಾಡಿ, ಹಬ್ಬಕ್ಕೆ ಆಯ್ತವೆ."

ಅವು ಚೆನ್ನಾಗಿಯೇ ಉರಿಯುತ್ತಿದ್ದವು.

ತಪ್ಪು ಎಲ್ಲಿದೆಯೆಂದು ತಿಳಿಯಲು ಮುಂದಿನ ಶನಿವಾರ ಮಧ್ಯಾಹ್ನ ಶ್ರೀರಂಗಪಟ್ಟಣಕ್ಕೆ ಹೋದೆ. ಅಲ್ಲಿ ನಮ್ಮ ಮನೆಯ ಹಾಸಿಗೆ ಹೊಲಿದುಕೊಟ್ಟ ಸಾಬರೊಬ್ಬರಿದ್ದಾರೆ. ಅವರ ತಾತ ಬಿಲ್ಲು ಹಿಡಿದು ಊರೂರು ತಿರುಗಿ, ಅದರ ತಂತಿ ಮೀಟಿ ಹತ್ತಿ ಬಿಡಿಸುತ್ತಿದ್ದರಂತೆ. ಇವರದು ಮೆಷಿನ್ನು. ಕೆಲಸ ಮುಗಿಸಿ ಹೊರಬರುವಾಗ ಅವರ ಹುಬ್ಬು, ಗಡ್ಡ, ಕಿವಿಯ ಕೂದಲು ಎಲ್ಲ ಬೆಳ್ಳಗಿರುತ್ತವೆ. ಯಾವುದು ವಯಸ್ಸು, ಯಾವುದು ಹತ್ತಿ ಎಂದು ಹೇಳುವುದು ಕಷ್ಟ.

ನನ್ನ ಸುರುಳಿಯನ್ನು ಅವರು ಎರಡು ಬೆರಳಲ್ಲಿ ಹಿಡಿದು ಎಳೆದು ನೋಡಿದರು.

"ಅರೆ ಸಾರ್, ಇದ್ರಲ್ಲಿ ಜಾನ್ ಎಲ್ಲಿದೆ, ಜೀವ? ಬೇಯ್ಸಿ, ಬ್ಲೀಚ್ ಹಾಕಿ, ಎಣ್ಣೆ ಎಲ್ಲಾ ತೆಗ್ದು ಬಿಟ್ಟವ್ರೆ. ಇದು ಗಾಯಕ್ಕೆ ಅಂತ ಹುಟ್ಟಿರೋದು. ಬಟ್ಟೆಗಲ್ಲ."

ಆಮೇಲೆ ಒಂದು ಮೂಟೆಯಿಂದ ಬೇರೆ ಅರಳೆ ತೆಗೆದು, ಅದರ ಒಂದು ಚಿಟಿಕೆಯನ್ನು ಎರಡೂ ಕೈಯಿಂದ ಮೆಲ್ಲಗೆ ಜಗ್ಗಿದರು. ಎಳೆಗಳು ಒಂದರ ಮೇಲೊಂದು ಜಾರಿ ಉದ್ದವಾದವು, ಕಿತ್ತುಬರಲಿಲ್ಲ.

"ನೋಡಿ ಸಾರ್, ಒಂದನ್ನೊಂದು ಹೆಂಗೆ ಹಿಡ್ಕೊಂಡಿದೆ. ಇಷ್ಟು ಜಾನ್ ಬೇಕು."

ಬಿಡಿಸಿದ ಅರಳೆಯನ್ನು ಅಂಗೈಯಗಲ ತೆಳ್ಳಗೆ ಹರಡಿ, ನನ್ನ ಜೇಬಿನಲ್ಲಿದ್ದ ಪೆನ್ಸಿಲನ್ನೇ ತೆಗೆದು ಅದರ ಮೇಲೆ ಸುತ್ತಿ ಹೊರಳಿಸಿ, ಪೆನ್ಸಿಲನ್ನು ಹೊರಗೆ ಎಳೆದುಬಿಟ್ಟರು. ಕೈಯಲ್ಲಿ ಬೆರಳುದ್ದದ ಒಂದು ಬಿಳಿ ಕೊಳವೆ ಉಳಿಯಿತು. ಅದಕ್ಕೆ ಹಂಜಿ ಎನ್ನುತ್ತಾರೆ. ನೂಲುವವರು ಹತ್ತಿಯ ಮುದ್ದೆಯಿಂದ ನೂಲುವುದಿಲ್ಲ, ಹಂಜಿಯ ತುದಿಯಿಂದ ನೂಲುತ್ತಾರೆ. ನಾನು ಅಲ್ಲೇ ತಕಲಿ ತೆಗೆದು ಅದಕ್ಕೆ ಸಿಕ್ಕಿಸಿದೆ. ಟಣ್.

ಸಾಬರು ಗಡ್ಡದೊಳಗೆ ನಕ್ಕರು. "ಸಾರ್, ನಾವು ಹತ್ತಿ ಬಿಡಿಸೋರು. ನೂಲೋದು ನಮ್ಗೂ ಬರಲ್ಲ. ನಾಗಮಂಗಲದ ಕಡೆ ಒಂದು ಅಜ್ಜಿ ಅವ್ರೆ, ಕಂಬಳಿಗೆ ಉಣ್ಣೆ ನೂಲ್ತಾರೆ. ಮೊದ್ಲು ಅಲ್ಲಿ ಉಣ್ಣೇಲಿ ಕೈ ಕೂರಿಸ್ಕೊಳ್ಳಿ. ಹತ್ತಿ ಬಹಳ ನಾಜೂಕು" ಎಂದು ಒಂದು ಪೊಟ್ಟಣ ಅರಳೆ ಕಟ್ಟಿಕೊಟ್ಟರು.

ಭಾನುವಾರ ನಾಗಮಂಗಲಕ್ಕೆ ಹೋಗಿ, ಅಲ್ಲಿಂದ ಆಟೋ ಹಿಡಿದು ಅವರು ಹೇಳಿದ ಊರು ತಲುಪಿದೆ. ಅಜ್ಜಿ ಜಗುಲಿಯ ಮೇಲೆ ಕಾಲು ಚಾಚಿ ಕೂತಿದ್ದರು. ಕೈಯಲ್ಲಿ ಮರದ ಕದಿರು. ಅದು ನನ್ನ ತಕಲಿಯ ಅಣ್ಣ ಎನ್ನಿ, ದಪ್ಪ, ಉದ್ದ. ಕಂಕುಳಲ್ಲಿ ಕರಿ ಉಣ್ಣೆಯ ಮುದ್ದೆ. ಅವರು ನನ್ನ ಮುಖ ನೋಡಿಕೊಂಡೇ ಮಾತಾಡುತ್ತಿದ್ದರು. ಕೆಳಗೆ ಕದಿರು ಅದರಷ್ಟಕ್ಕೆ ಗಿರಗಿರ ತಿರುಗಿ ನೂಲು ಉದ್ದವಾಗುತ್ತಲೇ ಇತ್ತು. ಅಂಗಳದ ಕುರಿಗಳನ್ನು ತೋರಿಸಿ, "ಈ ಉಣ್ಣೆ ಇವುಗಳದೇನಾ?" ಎಂದು ಕೇಳಿದೆ.

"ಇವ್ಕೆ ಎಲ್ಲದೆ ಉಣ್ಣೆ? ಇವು ಬನ್ನೂರ್ ಕುರಿ, ತಿನ್ನಕ್ಕೆ ಸೈ. ಉಣ್ಣೇನ ನಮ್ಮ ತಮ್ಮ ಚಳ್ಳಕೆರೆ ಕಡೆಯಿಂದ ತತ್ತಾನೆ" ಎಂದರು ಅಜ್ಜಿ. "ಯಾಕೆ ಮೇಷ್ಟ್ರೇ, ಇಸ್ಕೂಲಲ್ಲಿ ಪಾಠ ಮುಗ್ದೋಯ್ತಾ, ಕಂಬಳಿ ಕಲಿಯಕ್ಕೆ ಬಂದ್ರಿ?"

ಉಡುದಾರದ ಕಥೆ ಹೇಳಿದೆ. ಅವರು ಕದಿರನ್ನು ನನ್ನ ಕೈಗೆ ಕೊಟ್ಟರು. ನಾನು ತಿರುಗಿಸಿದೆ, ಎಳೆದೆ. ನೂಲು ಮೊಳದುದ್ದ ಬಂದಾಗ ಕದಿರು ಸ್ವಲ್ಪ ನಿಂತು, ತಾನಾಗಿಯೇ ಹಿಂದಕ್ಕೆ ತಿರುಗಿ, ಹುರಿಯೆಲ್ಲ ಬಿಚ್ಚಿಕೊಂಡು, ಪಕ್ಕದಲ್ಲಿಟ್ಟಿದ್ದ ನನ್ನ ಟೀ ಲೋಟದೊಳಗೆ ನೆಟ್ಟಗೆ ಇಳಿಯಿತು.

"ಕದಿರು ಸುಸ್ತಾಗಕ್ಕೆ ಮುಂಚೆ ಇನ್ನೊಂದು ಸುತ್ತು ಕೊಡ್ಬೇಕು ಕನಪ್ಪ. ಅದು ನಿಲ್ಲೋಗಂಟ ಬುಟ್ರೆ ಹಿಂದಕ್ಕೇ ಓಯ್ತದೆ" ಎಂದರು. "ಮತ್ತೆ ಎರಡು ಕೈಯೂ ಒಟ್ಗೆ ಕೆಲ್ಸ ಮಾಡ್ತಾವಲ್ಲ, ಅದು ತೆಪ್ಪು. ಮೇಲ್ಗೈ ಉಣ್ಣೆ ಬುಡ್ಬೇಕು. ಕೆಳ್ಗೈ ಹುರಿ ಮೇಲಕ್ಕೆ ಓಗ್ದಂಗೆ ಚಿವುಟಿ ಇಡ್ಕಬೇಕು. ಹುರಿ ಮುದ್ದೆಗೆ ಒಕ್ಕುದ್ರೆ ಗಂಟು. ಹುರಿ ಸಾಲ್ದೆ ಬಂದ್ರೆ ಕಿತ್ತೋಯ್ತದೆ."

"ಎಷ್ಟು ಸುತ್ತಿಗೆ ಎಷ್ಟು ಉದ್ದ ಎಳೆಯಬೇಕು ಅಜ್ಜಿ?" ಎಂದು ಪೆನ್ನು ತೆಗೆದೆ.

ಅವರು ಪೆನ್ನನ್ನೂ ನನ್ನನ್ನೂ ನೋಡಿದರು. "ಕಣ್ಣು ಮುಚ್ಕಳಿ."

ಮುಚ್ಚಿದೆ. "ಈಗ ಬೆರಳಲ್ಲಿ ನೋಡಿ. ಎಳೆ ಜಾರ್ತಾ ಅದಾ, ಜಗ್ತಾ ಅದಾ?"

ಜಾರುತ್ತಿತ್ತು. ಕಣ್ಣು ಮುಚ್ಚಿಕೊಂಡು ಮೆಲ್ಲಗೆ ಬಿಡುತ್ತಾ ಹೋದೆ. ನೂಲು ಬರುತ್ತಿರುವುದು ಬೆರಳಿಗೆ ತಿಳಿಯುತ್ತಿತ್ತು. ಬಹಳ ಹೊತ್ತು ಕದಿರು ಬೀಳಲಿಲ್ಲ. ಮೂವತ್ತು ವರ್ಷ ಪಾಠ ಮಾಡಿದವನಿಗೆ ಇಷ್ಟು ಸಂತೋಷ ಎಂದೂ ಆಗಿರಲಿಲ್ಲ. ಇದ್ದಕ್ಕಿದ್ದಂತೆ ಎಳೆ ಜಗ್ಗಿತು. ಒಂದಿಷ್ಟು ಬಿಟ್ಟೆ, ಇನ್ನೂ ಜಗ್ಗಿತು. ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು ನಗುವ ಸದ್ದು ಕೇಳಿ ಕಣ್ಣು ಬಿಟ್ಟರೆ, ಒಂದು ಟಗರು ನನ್ನ ಕೈಯಲ್ಲಿದ್ದ ಉಣ್ಣೆಯ ಮುದ್ದೆಯನ್ನು ಅರ್ಧ ಬಾಯಿಗೆ ಹಾಕಿಕೊಂಡು ಅಗಿಯುತ್ತಿತ್ತು.

ಸಂಜೆಯ ಹೊತ್ತಿಗೆ ಹತ್ತು ಮಾರು ನೂತಿದ್ದೆ. ಗಂಟುಗಳಿದ್ದವು, ಆದರೆ ಅದು ನೂಲೇ. ಅಜ್ಜಿ ಒಂದು ಹಳೆಯ ಕದಿರನ್ನೂ ಒಂದು ಚೀಲ ಉಣ್ಣೆಯನ್ನೂ ಕೊಟ್ಟು ಕಳಿಸಿದರು. ಏನು ಕೊಡಹೋದರೂ ತೆಗೆದುಕೊಳ್ಳಲಿಲ್ಲ.

ಕಲಿತ ವಿದ್ಯೆಯನ್ನು ಮನೆಯವರೆಗೆ ತಡೆದಿಟ್ಟುಕೊಳ್ಳುವ ಸಂಯಮ ನನಗಿರಬೇಕಾಗಿತ್ತು. ನಾಗಮಂಗಲದಿಂದ ಪಾಂಡವಪುರದ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಕಂಬಕ್ಕೆ ಒರಗಿ ನಿಂತೆ. ನಿಂತು ನೂಲುವುದಕ್ಕೆ ಇದಕ್ಕಿಂತ ಒಳ್ಳೆಯ ಅವಕಾಶ ಎಲ್ಲಿ? ಚೀಲದಿಂದ ಕದಿರು ತೆಗೆದೆ. ಬಸ್ಸಿನ ಕುಲುಕಿಗೆ ಕದಿರು ಇನ್ನೂ ಚೆನ್ನಾಗಿ ತಿರುಗುತ್ತಿತ್ತು. ಅಜ್ಜಿ ಹೇಳಿದ್ದಾರಲ್ಲ ಎಂದು ಕಣ್ಣು ಮುಚ್ಚಿಕೊಂಡೆ.

ಜಕ್ಕನಹಳ್ಳಿ ಕ್ರಾಸಿನ ಹತ್ತಿರ ಡ್ರೈವರು ಬ್ರೇಕು ಹಾಕಿದರು. "ಅಯ್ಯಯ್ಯೋ!" ಎಂದು ಒಂದು ಹೆಂಗಸಿನ ಕೂಗು ಕೇಳಿತು. ಕಣ್ಣು ಬಿಟ್ಟೆ. ನನ್ನ ಮುಂದಿನ ಸೀಟಿನಲ್ಲಿ ತರಕಾರಿ ಚೀಲ ತಬ್ಬಿಕೊಂಡು ಕೂತಿದ್ದ ಹೆಂಗಸಿನ ಜಡೆ ಸೀಟಿನ ಹಿಂದಕ್ಕೆ ಇಳಿಬಿದ್ದಿತ್ತು. ನನ್ನ ಕದಿರು ಅದರ ತುದಿಯ ಕೂದಲನ್ನು ಉಣ್ಣೆಯ ಜತೆ ಸೇರಿಸಿಕೊಂಡು, ಒಂದು ಗೇಣುದ್ದ, ಒಂದು ಗಂಟೂ ಇಲ್ಲದ, ಆ ದಿನದ ಅತ್ಯುತ್ತಮ ನೂಲು ತೆಗೆದಿತ್ತು.

"ಯಾರಣ್ಣ ಅದು ಜಡೆ ಎಳೀತಾ ಇರೋದು?" ಆಕೆ ತಿರುಗಲು ನೋಡಿದರು. ತಿರುಗಿದಷ್ಟೂ ಕದಿರು ಜತೆಗೇ ಹೋಗಿ ಅವರ ಭುಜಕ್ಕೆ ಬಡಿಯಿತು.

"ಅಮ್ಮ, ಕ್ಷಮಿಸಿ, ನಾನು ಮೇಷ್ಟ್ರು" ಎಂದೆ. ಅದನ್ನು ಯಾಕೆ ಹೇಳಿದೆನೋ.

"ಮೇಷ್ಟ್ರಾದ್ರೆ ಜಡೆ ಎಳೀಬೋದಾ?"

ಕಂಡಕ್ಟರು ಬಂದ. "ಏನ್ ಯಜಮಾನ್ರೇ ಇದು? ಬಸ್ಸಲ್ಲಿ ಬುಗುರಿ ಆಡುಸ್ತಾ ಇದ್ದೀರಲ್ಲ!"

ಸುತ್ತಲಿದ್ದವರೆಲ್ಲ ಎದ್ದು ನಿಂತರು. ಒಬ್ಬರು ಕತ್ತರಿ ಇದೆಯಾ ಎಂದರು. "ಕತ್ತರಿ ಗಿತ್ತರಿ ಅಂದ್ರೆ ನಾನು ಸುಮ್ಕಿರಕ್ಕಿಲ್ಲ" ಎಂದರು ಆಕೆ. ಇನ್ನೊಬ್ಬರು ಎಣ್ಣೆ ಹಚ್ಚಿ ಎಂದರು. ನಾನು ಬೆವರುತ್ತಾ, ಕೂಸಿನ ಉಡುದಾರದ ಕಥೆ ಹೇಳುತ್ತಾ, ಒಂದೊಂದೇ ಕೂದಲನ್ನು ಉಗುರಿನಿಂದ ಬಿಡಿಸಲು ನೋಡಿದೆ. ಅದು ಕಬ್ಬಿಣದ ತಂತಿಯ ಹಾಗೆ ಬಿಗಿದಿತ್ತು. ಆಕೆಯೇ ಕೈ ಹಿಂದಕ್ಕೆ ಚಾಚಿ ಮುಟ್ಟಿ ನೋಡಿ ಹೇಳಿದರು: "ಅಲ್ಲ ಮೇಷ್ಟ್ರೇ, ಯಾವ್ ಕಡೀಕೆ ತಿರುಗ್ಸಿ ಸುತ್ತಿದ್ರಿ?"

"ಬಲಕ್ಕೆ."

"ಮತ್ತೆ ಎಡಕ್ಕೆ ತಿರುಗ್ಸಿ! ನಾವು ಜಡೆ ಬಿಚ್ಚಲ್ವಾ?"

ಕದಿರನ್ನು ಎಡಕ್ಕೆ ತಿರುಗಿಸುತ್ತಾ ಹೋದೆ. ಹುರಿ ಸಡಿಲವಾಯಿತು, ಉಣ್ಣೆ ಬೇರೆ, ಕೂದಲು ಬೇರೆ ಆಯಿತು. ಬಸ್ಸಿನವರೆಲ್ಲ ಒಂದು, ಎರಡು ಎಂದು ಸುತ್ತು ಎಣಿಸಿದರು. ನೂಲನ್ನು ನೂಲಾಗಿ ಹಿಡಿದಿಟ್ಟಿರುವುದು ಹುರಿಯೊಂದೇ, ಅದನ್ನು ಬಿಚ್ಚಿದರೆ ಮತ್ತೆ ಬರೀ ತುಪ್ಪಟ ಎಂಬುದು ನನಗೆ ಅರ್ಥವಾದದ್ದು ಹೀಗೆ. ಆಕೆ ಜಡೆಯನ್ನು ಮುಂದಕ್ಕೆ ಹಾಕಿಕೊಂಡು, ಅದರ ಮೇಲೆ ಸೆರಗು ಹೊದ್ದು ಕೂತರು. ಇಳಿಯುವಾಗ ಮಾತ್ರ, "ಕೂಸಿಗೆ ಅಂತೀರ, ಚೆಂದಾಗಿ ಮಾಡ್ಕೊಡಿ. ಕಣ್ಣು ಬುಟ್ಕಂಡು ಮಾಡಿ" ಎಂದು ಹೇಳಿ ಹೋದರು.

ಎರಡು ತಿಂಗಳಲ್ಲಿ ಕರಿ ಉಣ್ಣೆಯ ದಾರ ಸಿದ್ಧವಾಯಿತು. ಕರಿದಾರ ದೃಷ್ಟಿಗೂ ಒಳ್ಳೆಯದು, ಎರಡೂ ಕೆಲಸ ಒಂದೇ ಸಲ ಆಯಿತು ಎಂದು ಬೀಗುತ್ತಾ ಹೆಂಡತಿಯ ಕೈಗೆ ಕೊಟ್ಟೆ. ಅವಳು ಅದನ್ನು ಕೆನ್ನೆಗೆ ಒತ್ತಿ ನೋಡಿದಳು.

"ಇದ್ನ ಎಳೇ ಕೂಸಿಗೆ ಕಟ್ತೀರಾ? ಒಂದ್ ದಿನ ನೀವು ಕಟ್ಕೊಂಡು ನೋಡಿ. ಆಮೇಲೆ ಮಾತಾಡಿ."

ನನ್ನ ಸೊಂಟಕ್ಕೆ ಸಾಲುವಷ್ಟು ದಾರ ಮಿಕ್ಕಿತ್ತು, ದುರದೃಷ್ಟ. ಸೋಮವಾರ ಬೆಳಗ್ಗೆ ಕಟ್ಟಿಕೊಂಡು ಶಾಲೆಗೆ ಹೋದೆ. ಪ್ರಾರ್ಥನೆಯ ಹೊತ್ತಿಗೆ ಸಣ್ಣಗೆ ಚುರುಚುರು ಎಂದಿತು. ಎರಡನೇ ಪೀರಿಯಡ್ಡಿಗೆ ಸೊಂಟದ ಸುತ್ತ ಇರುವೆಗಳ ಸಾಲು ಮೆರವಣಿಗೆ ಹೊರಟಂತಾಯಿತು. ಒಂಬತ್ತನೇ ತರಗತಿಗೆ ವೃತ್ತದ ಪರಿಧಿ ಹೇಳಿಕೊಡುತ್ತಾ, ಬಲಗೈಯಲ್ಲಿ ಬೋರ್ಡಿನ ಮೇಲೆ ವೃತ್ತ ಬರೆಯುತ್ತಾ, ಎಡಗೈಯಲ್ಲಿ ನನ್ನ ಪರಿಧಿ ಕೆರೆದುಕೊಳ್ಳುತ್ತಿದ್ದೆ. ತರಗತಿಯಲ್ಲಿ ಯಾರೂ ನಗಲಿಲ್ಲ. ನಗದೆ ಇರಲು ಅವರು ಪಡುತ್ತಿದ್ದ ಕಷ್ಟ ನೋಡಲಾಗದೆ ನಾನೇ ಹೊರಗೆ ಹೋಗಿ ಅದನ್ನು ಬಿಚ್ಚಿ ಜೇಬಿಗೆ ತುರುಕಿಕೊಂಡು ಬಂದೆ. ಸಂಜೆ ಹೆಂಡತಿ ಸೊಂಟಕ್ಕೆ ಕೊಬ್ಬರಿ ಎಣ್ಣೆ ಹಚ್ಚಿದಳು.

ಮತ್ತೆ ಹತ್ತಿಗೇ ಬಂದೆ. ನಾಮಕರಣಕ್ಕೆ ಎರಡೇ ತಿಂಗಳು ಉಳಿದಿತ್ತು. ಆದರೆ ಈಗ ಬೆರಳಿಗೆ ಒಂದಿಷ್ಟು ಬುದ್ಧಿ ಬಂದಿತ್ತು. ಅಜ್ಜಿಗೆ ಫೋನು ಮಾಡಿ ಕೇಳಿದೆ.

"ಅತ್ತಿ ಎಳೆ ಗಿಡ್ಡ ಕನಪ್ಪ, ಭಾರ ತಡಿಯಕ್ಕಿಲ್ಲ. ನೇತಾಡುಸ್ಬೇಡಿ. ತಕಲಿ ತಳಾನ ತೆಂಗಿನ್ ಚಿಪ್ಪಲ್ಲಿ ಕೂರ್ಸಿ ತಿರುಗ್ಸಿ" ಎಂದರು.

ಇಷ್ಟು ದಿನ ತಕಲಿ ಬೀಳುತ್ತಿದ್ದುದಕ್ಕೆ ಕಾರಣ ನನ್ನ ಪಾಪವಲ್ಲ, ಅದರ ತೂಕ! ಚಿಪ್ಪಿನೊಳಗೆ ಕೂರಿಸಿದ ಮೇಲೆ ಟಣ್ ಸದ್ದು ನಿಂತಿತು. ಕೆಳಗೆ ಕೂತು, ಬಲಗೈಯಲ್ಲಿ ತಕಲಿ ತಿರುಗಿಸಿ, ಎಡಗೈಯಲ್ಲಿ ಹಂಜಿಯನ್ನು ಮೇಲಕ್ಕೆ ಒಯ್ಯುತ್ತಾ ಹೋದರೆ, ಸಾಬರು ಕೊಟ್ಟ ಹತ್ತಿ ಜೇಡನ ಎಳೆಯ ಹಾಗೆ ಹೊರಡುತ್ತಿತ್ತು. ಕಿತ್ತರೆ, ಎರಡೂ ತುದಿಗಳನ್ನು ಬಿಡಿಸಿ ಒಂದರ ಮೇಲೊಂದು ಇಟ್ಟು ತಿರುಗಿಸಿದರೆ ಮತ್ತೆ ಕೂಡಿಕೊಳ್ಳುತ್ತಿತ್ತು. ದಿನಾ ಸಂಜೆ ಕಾಫಿಯಾದ ಮೇಲೆ ನೂಲುವುದೇ ಕೆಲಸವಾಯಿತು. ಹೆಂಡತಿ ಎದುರಿಗೆ ಅವರೆಕಾಯಿ ಸುಲಿಯುತ್ತಾ ಕೂರುತ್ತಿದ್ದಳು. ಒಂದು ದಿನ, "ಕೊಡಿ ಇಲ್ಲಿ, ನೋಡನ" ಎಂದು ತಕಲಿ ತೆಗೆದುಕೊಂಡಳು. ಮೂರೇ ಸಲ ಕಿತ್ತಳು. ನಾಲ್ಕನೆಯದು ಎರಡು ಮೊಳ, ತೆಳ್ಳಗೆ, ಸಮವಾಗಿ ಬಂತು. ನಾವಿಬ್ಬರೂ ಅದನ್ನು ನೋಡಿದೆವು.

"ಬತ್ತಿ ಹೊಸೆದ ಕೈ" ಎಂದಳು, ಸಮಾಧಾನ ಹೇಳುವವಳ ಹಾಗೆ. ತಕಲಿ ವಾಪಸು ಕೊಟ್ಟು ಅವರೆಕಾಯಿಗೆ ಹಿಂತಿರುಗಿದಳು. ಆಮೇಲೆ ಎಂದೂ ಅದನ್ನು ಮುಟ್ಟಲಿಲ್ಲ. ಅದು ನನ್ನ ಮೇಲಿನ ದಯೆ ಎಂದು ನಾನು ಬಲ್ಲೆ.

ನೂತ ಒಂಟಿ ಎಳೆ ದಾರವಲ್ಲ. ಬಿಟ್ಟರೆ ಹಂದಿಯ ಬಾಲದ ಹಾಗೆ ಸುರುಳಿ ಸುತ್ತಿಕೊಳ್ಳುತ್ತದೆ. ಹಲವು ಎಳೆ ಸೇರಿಸಿ, ನೂತದ್ದಕ್ಕೆ ಎದುರು ದಿಕ್ಕಿಗೆ ಹುರಿ ಕೊಟ್ಟರೆ ಮಾತ್ರ ಅದು ತೆಪ್ಪಗೆ ನಿಲ್ಲುತ್ತದೆ. ನಾಮಕರಣದ ಹಿಂದಿನ ಭಾನುವಾರ ನೂಲಿನ ಒಂದು ತುದಿಯನ್ನು ಕೊಟ್ಟಿಗೆಯ ಕಿಟಕಿಯ ಸರಳಿಗೆ ಕಟ್ಟಿ, ನಾಲ್ಕೆಳೆ ಮಾಡಿ, ಇನ್ನೊಂದು ತುದಿಯನ್ನು ತಕಲಿಗೆ ಸಿಕ್ಕಿಸಿ, ಬಿಗಿ ಹಿಡಿದು ಎಡಕ್ಕೆ ತಿರುಗಿಸುತ್ತಾ ಹಿಂದಕ್ಕೆ ನಡೆದೆ. ದಾರ ಸಡಿಲ ಬಿಡಬಾರದು, ಸಡಿಲ ಬಿಟ್ಟರೆ ಗಂಟು ಬೀಳುತ್ತದೆ. ಕಣ್ಣು ದಾರದ ಮೇಲೇ ಇತ್ತು.

"ರೀ, ಬಾನಿ!" ಎಂದು ಹೆಂಡತಿ ಕೂಗುವಷ್ಟರಲ್ಲಿ ನನ್ನ ಹಿಮ್ಮಡಿಗೆ ಏನೋ ತಾಗಿತು. ಹಸುವಿನ ಕಲಗಚ್ಚಿನ ಬಾನಿಯೊಳಗೆ ಕುರ್ಚಿಯಲ್ಲಿ ಕೂತ ಹಾಗೆ ನೆಟ್ಟಗೆ ಕೂತುಬಿಟ್ಟೆ. ಅಕ್ಕಿ ತೊಳೆದ ನೀರು, ಹಳಸಿದ ಸಾರು, ಹಿಂಡಿ, ಎಲ್ಲ ಸೊಂಟದವರೆಗೆ. ಎರಡೂ ಕೈ ಮಾತ್ರ ಮೇಲೆ ಇದ್ದವು. ದಾರ ಬಿಗಿಯಾಗಿಯೇ ಇತ್ತು.

"ಏಳ್ರೀ!"

"ಏಳಲ್ಲ. ಎದ್ರೆ ಸಡಿಲ ಆಗುತ್ತೆ. ಬಂದು ಈ ತುದಿ ಹಿಡ್ಕೋ ಮೊದ್ಲು" ಎಂದೆ.

ಅವಳು ಬಂದು ತುದಿ ಹಿಡಿದ ಮೇಲೆಯೇ ಎದ್ದೆ. ಅವಳು ನಗುವಿನಿಂದ ಕೈ ನಡುಗಿಸಿದ್ದರಿಂದ ಕೊನೆಯ ನಾಲ್ಕು ಬೆರಳಷ್ಟು ದಾರ ಇಂದಿಗೂ ಅಲೆ ಅಲೆಯಾಗಿದೆ. ಹಸು ನನ್ನ ಪ್ಯಾಂಟನ್ನು ಬಹಳ ಹೊತ್ತು ಅನುಮಾನದಿಂದ ಮೂಸುತ್ತಿತ್ತು.

ದಾರವನ್ನು ನೀರಿನಲ್ಲಿ ನೆನೆಸಿ, ಅರಿಶಿನ ಹಾಕಿ, ತುದಿಗೆ ಒಂದು ಕಲ್ಲು ಕಟ್ಟಿ ನೇತುಹಾಕಿ ಒಣಗಿಸಿದೆ. ಹಾಗೆ ಮಾಡಿದರೆ ಹುರಿ ಕೂರುತ್ತದೆ. ಒಣಗಿದ ಮೇಲೆ ಕೆನ್ನೆಗೆ ಒತ್ತಿ ನೋಡಿದೆ. ಮೆತ್ತಗಿತ್ತು. ಹೆಂಡತಿಯೂ ಒತ್ತಿ ನೋಡಿ ತಲೆಯಾಡಿಸಿದಳು.

ಬೂಕನಕೆರೆಯ ಅಕ್ಕನ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ತೊಟ್ಟಿಲು ಸಿದ್ಧವಾಗಿತ್ತು. ನಾನು ವೀಳ್ಯದೆಲೆಯ ಮೇಲೆ ಉಡುದಾರ ಇಟ್ಟು ಅಕ್ಕನ ಕೈಗೆ ಕೊಟ್ಟೆ. ಅಕ್ಕ ಅದನ್ನು ಎತ್ತಿ ಹಿಡಿದು, ಬಂದಿದ್ದ ಹೆಂಗಸರಿಗೆಲ್ಲ ಕೇಳುವಂತೆ ಹೇಳಿದಳು: "ನೋಡ್ರವ್ವ, ನನ್ ತಮ್ಮ ಅವ್ನೇ ಕೈಯಾರ ನೂತು ತಂದವ್ನೆ!" ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. ಎಲ್ಲರೂ ಮುಟ್ಟಿ ನೋಡಿದರು. ಒಬ್ಬರು, "ಇದು ಯಾವ್ ಕಂಪ್ನೀದು?" ಎಂದು ಕೇಳಿದರು.

ಅಕ್ಕ ಮಗುವಿನ ಅಂಗಿ ಎತ್ತಿ ದಾರವನ್ನು ಸೊಂಟಕ್ಕೆ ಸುತ್ತಿದಳು. ಎರಡು ತುದಿಗಳು ಬರುಬರುತ್ತಾ ಮಗುವಿನ ಹೊಟ್ಟೆಯ ಎರಡು ಪಕ್ಕದಲ್ಲೇ ನಿಂತವು. ನಡುವೆ ಹೊಕ್ಕುಳು, ಅದರ ಎರಡೂ ಕಡೆ ಧಾರಾಳ ಬಯಲು.

"ಸಾಲೋದೇ ಇಲ್ಲ ಕಣ್ಲಾ" ಎಂದಳು ಅಕ್ಕ.

ಸಾಧ್ಯವೇ ಇಲ್ಲ ಎಂದೆ. ಪೌಡರ್ ಡಬ್ಬಿಯ ಲೆಕ್ಕ ಹೇಳಿದೆ. ಹೇಳುತ್ತಿರುವಾಗಲೇ ತಪ್ಪುಗಳು ಒಂದೊಂದಾಗಿ ಹೊಳೆದವು. ಫೋಟೋ ತೆಗೆದಾಗ ಮಗು ಎರಡು ವಾರದ್ದು, ಈಗ ಐದು ತಿಂಗಳದ್ದು. ಬೂಕನಕೆರೆಯ ಹಾಲು ಬೇರೆ. ಅದೂ ಅಲ್ಲದೆ ಎಳೆಗೆ ಹುರಿ ಕೊಟ್ಟಷ್ಟೂ ಅದು ಗಿಡ್ಡವಾಗುತ್ತದೆ ಎಂಬುದನ್ನು ನನ್ನ ಯಾವ ಸೂತ್ರವೂ ಎಣಿಸಿರಲಿಲ್ಲ.

"ಇಪ್ಪತ್ತೆಂಟ್ ವರ್ಸದಿಂದ ಲೆಕ್ಕ ಏಳ್ಕೊಡ್ತಾವ್ನೆ" ಎಂದಳು ಅಕ್ಕ ಸುತ್ತಲಿದ್ದವರಿಗೆ.

"ಮೂವತ್ತು" ಎಂದೆ.

"ಅದೂ ತೆಪ್ಪು ಲೆಕ್ಕವೇ ಇರ್ಬೇಕು ಬುಡು."

ಶಾಮಿಯಾನವೆಲ್ಲ ನಕ್ಕಿತು. ನನಗೂ ನಗು ತಡೆಯಲಾಗಲಿಲ್ಲ. ಅಕ್ಕನ ಮಗಳು ದಾರ ತೆಗೆದುಕೊಂಡು ಮಗುವಿನ ಕಾಲಿಗೆ ಎರಡು ಸುತ್ತು ಸುತ್ತಿ, ಸಡಿಲವಾಗಿ ಗಂಟು ಹಾಕಿದಳು. ಸರಿಯಾಗಿ ಕೂತಿತು. ಮಗು ಕಾಲನ್ನು ಎತ್ತಿ ಬಾಯಿಗೆ ತಂದುಕೊಂಡು, ಅರಿಶಿನದ ದಾರವನ್ನು ಚೀಪಿ, ಮುಖ ಹಿಂಡಿ, ಮತ್ತೆ ಚೀಪಿತು. ತೊಟ್ಟಿಲಿಗೆ ಹಾಕಿ ಹೆಸರು ಕೂಗುವಾಗಲೂ ಅದು ಬಾಯಿಂದ ಕಾಲು ಬಿಡಲಿಲ್ಲ. ನಾನು ಊಟದ ಪಂಕ್ತಿಯಿಂದ ಎರಡು ಸಲ ಎದ್ದು ಹೋಗಿ ಅದನ್ನು ನೋಡಿ ಬಂದೆ.

ಹದಿನೈದು ದಿನಗಳ ಮೇಲೆ ಬೂಕನಕೆರೆಯ ಕಡೆಯಿಂದ ಬಂದ ಬಸ್ಸಿನ ಡ್ರೈವರು ಒಂದು ಸಣ್ಣ ಪೊಟ್ಟಣ ಕೊಟ್ಟುಹೋದರು. ಒಳಗೆ ಒಂದು ಗೋಣಿ ದಾರ, ಎರಡೂ ತುದಿಗೆ ಗಂಟು. ಜತೆಗೆ ಅಕ್ಕನ ಮಗಳ ಕೈಬರಹದಲ್ಲಿ ಒಂದು ಚೀಟಿ: "ಮಾವ, ಅಮ್ಮ ಹೇಳ್ತಾ ಇದ್ದಾಳೆ, ಸೊಂಟದ್ದು ಇಷ್ಟುದ್ದ. ಹುರಿ ಹಾಕಿದ ಮೇಲೆ ಇಷ್ಟುದ್ದ. ಪೌಡರ್ ಡಬ್ಬಿ ಬೇಡ."

ಹೆಂಡತಿ ಅದನ್ನು ಓದಿ ಅಡುಗೆಮನೆಗೆ ಹೋದಳು. ಹಿಂತಿರುಗಿ ಬಂದವಳ ಕೈಯಲ್ಲಿ ತೆಂಗಿನ ಚಿಪ್ಪಿತ್ತು. ಅದನ್ನು ನನ್ನ ಮುಂದೆ ಇಟ್ಟು, ಎದುರಿಗೆ ಕೂತು, ಅರಳೆಯನ್ನು ಮಡಿಲಿಗೆ ಹಾಕಿಕೊಂಡು ಬೀಜದ ಚೂರು, ಕಸ ಆರಿಸತೊಡಗಿದಳು. ನಾನು ಹಂಜಿ ಸುತ್ತಲು ಪೆನ್ಸಿಲಿಗಾಗಿ ಜೇಬು ತಡಕಿದೆ.